ಬೋರಲು ಹಾಕಿದ ತಂಬಿಗೆ

ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆಂದು ಬಂದು ನೋಡಿದರೆ, ನನ್ನ ಕೋಣೆಯಲ್ಲಿ ನನ್ನದೆಂಬ ವಸ್ತು ಒಂದೂ ಇರಲಿಲ್ಲ.

ಮಂಚದ ಕೆಳಗೆ ಹಸಿರು ಬಣ್ಣದ ಟ್ರಂಕು. ಗೂಟಕ್ಕೆ ಹೆಂಗಸರು ಹಿಡಿಯುವ ಕಪ್ಪು ಕೊಡೆ. ಕಿಟಕಿಯ ಗೂಡಿನಲ್ಲಿ ಸೀಮೆಸುಣ್ಣದ ಡಬ್ಬಿ. ಮೂಲೆಯಲ್ಲಿ ಅರ್ಧ ಬಿಚ್ಚಿದ ಭಾರತದ ನಕಾಶೆ. ಮಂಚದ ತುದಿಯಲ್ಲಿ ನೆಟ್ಟಗೆ ಕುಳಿತಿದ್ದ ಇಪ್ಪತ್ತೆರಡರ ಆಸುಪಾಸಿನ ಹೆಣ್ಣುಮಗಳು ನನ್ನನ್ನು ಕಂಡು ಎದ್ದು ನಿಂತಳು.

"ಯಾರ್ ಬೇಕಾಗಿತ್ರೀ?" ಎಂದಳು.

ನನಗೆ ನಾನೇ ಬೇಕಾಗಿದ್ದೆ.

ಇದು ಹೋದ ಜೂನ್ ತಿಂಗಳ ಮಾತು. ಊರು ಹಳಿಯಾಳ. ದಾಂಡೇಲಿಯಲ್ಲಿ ಕಾಗದದ ಗಿರಣಿ ಬಂದ ಮೇಲೆ ಸುತ್ತಲಿನ ಊರುಗಳು ಹೇಗಿವೆ, ಹೋಗಿ ನೋಡಿ ಬರೆಯಿರಿ ಎಂದು ಸಂಪಾದಕರು ಕಳಿಸಿದ್ದರು. ದಾಂಡೇಲಿಯಲ್ಲಿ ಇಳಿದುಕೊಳ್ಳಲು ನೋಡಿದೆ. ಒಂದು ಮಂಚವೂ ಸಿಗಲಿಲ್ಲ. ಗಿರಣಿಯ ಫಿಟರುಗಳು, ಬಿದಿರಿನ ಗುತ್ತಿಗೆದಾರರು, ಅವರನ್ನು ಹುಡುಕಿಕೊಂಡು ಬಂದ ನೆಂಟರು, ಎಲ್ಲ ಕಡೆ ಭರ್ತಿ. ನಾನು ನೋಡಿದ ಒಂದು ಕೋಣೆಯಲ್ಲಿ ಒಂದೇ ಹಾಸಿಗೆಗೆ ಇಬ್ಬರು ಒಡೆಯರು; ಹಗಲು ಪಾಳಿಯವನು ಎದ್ದು ಹೋದರೆ ರಾತ್ರಿ ಪಾಳಿಯವನು ಬಂದು ಮಲಗುತ್ತಾನೆ. ಹಾಸಿಗೆ ಆರುವುದೇ ಇಲ್ಲ. ಮೂರನೆಯವನಾಗುವ ಧೈರ್ಯ ನನಗಿರಲಿಲ್ಲ. ಬಸ್ಸು ಹತ್ತಿ ಹಳಿಯಾಳಕ್ಕೆ ಬಂದೆ.

"ಸುಮ್ಮನ ಕಿಲ್ಲೇಕ ಹೋಗ್ರಿ, ನೀಲವ್ವನ ಮನಿ ಕೇಳ್ರಿ" ಎಂದ ಕಂಡಕ್ಟರ್.

ಕಿಲ್ಲೆ ಓಣಿ ಎಂದರೆ ಹಳೆಯ ಕೋಟೆಯೊಳಗಿನ ಓಣಿ. ಕೋಟೆ ಎಂದು ತೋರಿಸಲು ಈಗ ಉಳಿದಿರುವುದು ಒಂದು ಮಣ್ಣಿನ ದಿಬ್ಬ, ಹೂಳು ತುಂಬಿದ ಕಂದಕ, ಅಲ್ಲಲ್ಲಿ ಕಲ್ಲು. ಒಂದು ಕಾಲಕ್ಕೆ ಇಲ್ಲಿ ಪಹರೆಯವರು ಕೂಗುತ್ತಿದ್ದರಂತೆ. ಈಗ ಹೋತಗಳು ಕೂಗುತ್ತವೆ, ಅವೂ ಅಪರೂಪಕ್ಕೆ. ಗಿರಣಿಯ ಸದ್ದಿನಿಂದ ಬಂದ ನನಗೆ ಮೊದಲ ದಿನ ಕಿವಿಯೇ ಕೆಟ್ಟಿತೇನೋ ಅನ್ನಿಸಿತು.

ನೀಲವ್ವನ ಮನೆಗೆ ಬೋರ್ಡಿಲ್ಲ. ಬಾಡಿಗೆಗೆ ಕೊಡುವುದು ಎರಡೇ ಕೋಣೆ, ಎರಡರ ಬಾಗಿಲೂ ಹೊರಗಿನ ಕಟ್ಟೆಗೆ ತೆರೆಯುತ್ತವೆ. ಒಂದರಲ್ಲಿ ಆಗಲೇ ಒಬ್ಬ ವ್ಯಾಪಾರಿ ಇದ್ದ, ಇನ್ನೊಂದು ನನಗೆ ಸಿಕ್ಕಿತು. ನೀಲವ್ವ ಐವತ್ತರ ವಿಧವೆ. ಮಾತು ಕಡಿಮೆ, ರೊಟ್ಟಿ ತೆಳ್ಳಗೆ. ಮನೆಯ ಅರ್ಧ ಹಕ್ಕು ಮೈದುನ ವಿರುಪಾಕ್ಷಪ್ಪನದು. ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟವರು. ಅಂಗಡಿಗೆ ಹೋಗುವ ಮುಂಚೆ ಕಟ್ಟೆಯ ಮೇಲೆ ಕುಳಿತು ನಮ್ಮ ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಾರೆ. (ಕೊನೆಯ ಸಾಲು ಮುದ್ರಣಾಲಯದ ವಿಳಾಸ. ಅದನ್ನೂ ಓದುತ್ತಾರೆ.) ಅವರ ಮಗಳು ಗೌರಿ, ಹತ್ತು ಹನ್ನೊಂದರವಳು, ನಾಲ್ಕನೆಯ ಇಯತ್ತೆ ಪಾಸಾಗಿ ಶಾಲೆ ಬಿಟ್ಟಿದ್ದಳು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂಡುತ್ತಿದ್ದಳು.

ಅಲ್ಲಿ ಎರಡು ದಿನ ಕಳೆದಿದ್ದೆ. ಇನ್ನು ಮೂರು ದಿನದ ಕೆಲಸ ಬಾಕಿ ಇತ್ತು. ಹಾಗಿರುವಾಗ ನನ್ನ ಮಂಚದ ಕೆಳಗೆ ಹಸಿರು ಟ್ರಂಕು!

ನನ್ನ ಸಾಮಾನು ಪಡಸಾಲೆಯ ಬೆಂಚಿನ ಮೇಲಿತ್ತು. ಅಂಗಿ ಮಡಚಿಟ್ಟಿದ್ದರು. ಒದ್ದೆ ಟವೆಲ್ಲನ್ನು ಹಗ್ಗಕ್ಕೆ ಹಾಕಿದ್ದರು. ಬರೆದಿಟ್ಟ ಹಾಳೆಗಳು ಗಾಳಿಗೆ ಹಾರದಂತೆ ಮೇಲೊಂದು ಕಲ್ಲು.

"ನೀಲವ್ವನವರೇ, ಇದೇನು?" ಎಂದೆ.

"ನೀವ ಖಾಲಿ ಮಾಡೀರಲ್ರೀ" ಎಂದರು ಒಲೆಯಿಂದ ಕಣ್ಣು ತೆಗೆಯದೆ.

"ನಾನೆಲ್ಲಿ ಮಾಡಿದೆ?"

"ತಂಬಿಗಿ ಡಬ್ಬ ಹಾಕಿ ಹೋಗೀರಿ. ಬರ್ರಿ, ಕೈಕಾಲ ತೊಳಕೊಂಡು ಬರ್ರಿ. ರೊಟ್ಟಿ ಆರ್ತಾವ."

ಖಾಲಿ ಹೊಟ್ಟೆಯಲ್ಲಿ ಜಗಳ ಆಡಬಾರದು. ಉಂಡೆ. ಉಂಡ ಮೇಲೆ ಜಗಳದ ಹುರುಪು ಅರ್ಧ ಇಳಿಯಿತು. ಉಳಿದ ಅರ್ಧವನ್ನು ಹೊತ್ತುಕೊಂಡು ಎದುರಿನ ಸೈಕಲ್ ಅಂಗಡಿಗೆ ಹೋದೆ. ಅಂಗಡಿ ಇಮಾಮಸಾಬನದು. ಮೊದಲು ದಾಂಡೇಲಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವನು, ಬೆನ್ನು ನೋವು ಬಂದು ಸೈಕಲ್ಲಿಗೆ ಇಳಿದವನು. ದಿನವಿಡೀ ನೀಲವ್ವನ ಕಟ್ಟೆಗೆ ಮುಖ ಮಾಡಿ ಕೂಡುವುದರಿಂದ ಅವನಿಗೆ ಗೊತ್ತಿಲ್ಲದ ಸಂಗತಿ ಆ ಮನೆಯಲ್ಲಿ ಇಲ್ಲ.

ನನ್ನ ಕಥೆ ಕೇಳಿ ಅವನು ಸ್ಪ್ಯಾನರ್ ಕೆಳಗಿಟ್ಟು ನಕ್ಕ.

"ಪೇಪರ್ ಸಾಹೇಬ್ರ, ಊರ ಸುದ್ದಿ ಬರಿಯಾಕ ಬಂದೀರಿ, ನಿಮ್ಮ ಸುದ್ದಿ ನಿಮಗ ಗೊತ್ತಿಲ್ಲ! ಮುಂಜಾನೆ ಎಂಟಕ್ಕ ನೀವು ಊರು ಬಿಟ್ಟೀರಿ."

ಆಮೇಲೆ ತಿಳಿಸಿ ಹೇಳಿದ. ನೀಲವ್ವನ ಮನೆಯಲ್ಲಿ ಇಳಿದುಕೊಂಡವರನ್ನು "ಯಾವಾಗ ಹೋಗ್ತೀರಿ" ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೊರಗೆ ನೂಕಿದ ಹಾಗೆ. ಇಳಿದುಕೊಂಡವರೂ "ಹೋಗ್ತೇನಿ" ಎನ್ನುವುದಿಲ್ಲ, ಅದು ಅಶುಭ. ಹಾಗಾದರೆ ಗೊತ್ತಾಗುವುದು ಹೇಗೆ? ಅದಕ್ಕೆ ತಂಬಿಗೆ. ಬಂದ ದಿನ ಕೋಣೆಯ ಬಾಗಿಲಿಗೆ ಒಂದು ತಾಮ್ರದ ತಂಬಿಗೆ ನೀರು ಇಡುತ್ತಾರೆ. ಅದು ನೆಟ್ಟಗೆ ನಿಂತಿರುವ ತನಕ ಕೋಣೆ ನಿಮ್ಮದು, ನಿಮ್ಮ ಹೆಸರಿನ ರೊಟ್ಟಿ ತಟ್ಟುತ್ತಾರೆ. ಹೊರಡುವ ದಿನ ನೀವು ಉಳಿದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ತಂಬಿಗೆಯನ್ನು ಹೊಸ್ತಿಲ ಪಕ್ಕ ಬೋರಲು ಹಾಕಿ ನಡೆಯಬೇಕು. ಈ ಮನೆಯಲ್ಲಿ ನನ್ನ ನೀರು ತೀರಿತು ಎಂದು ಅರ್ಥ. ಮುಂಡಗೋಡದಿಂದ ಬರುವ ವ್ಯಾಪಾರಿಗಳಿಗೂ ಇದು ಗೊತ್ತು. ಗೊತ್ತಿಲ್ಲದವನು ನಾನೊಬ್ಬ.

ನಾನು ಮಾಡಿದ್ದೇನು? ಎರಡು ದಿನದ ತಂಬಿಗೆಯಲ್ಲವೇ ಎಂದು ಬೆಳಿಗ್ಗೆ ಚೆನ್ನಾಗಿ ಬೆಳಗಿ, ನೀರು ಸೋರಲಿ ಎಂದು ಹೊಸ್ತಿಲ ಪಕ್ಕ ಬೋರಲು ಹಾಕಿ ಹೋಗಿದ್ದೆ. ತೊಳೆದ ಪಾತ್ರೆ ಮಗುಚಿಡಬೇಕೆಂದು ಚಿಕ್ಕಂದಿನಲ್ಲಿ ತಾಯಿ ಕಲಿಸಿದ್ದು. ಒಳ್ಳೆಯ ಅಭ್ಯಾಸಗಳಿಂದ ಮನೆ ಕಳೆದುಕೊಂಡವರು ಎಷ್ಟು ಜನ ಇದ್ದಾರೋ?

"ಅದಿರಲಿ, ಆ ಹುಡುಗಿ ಯಾರು?" ಎಂದೆ.

ಇಮಾಮಸಾಬನ ನಗು ಅಲ್ಲಿಗೆ ನಿಂತಿತು.

ಅವಳ ಹೆಸರು ಸುಶೀಲಾ. ಮುಂಡಗೋಡ ತಾಲ್ಲೂಕಿನ ಸನವಳ್ಳಿಯ ಒಕ್ಕಲು ಮನೆತನದವಳು. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿದ್ದಳು. ಕಿಲ್ಲೆಯ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರು ಎಂದು ಆರ್ಡರ್ ಆಗಿತ್ತು. ಮರುದಿನ ಹಾಜರಾಗಬೇಕು. ಆ ಶಾಲೆಯಲ್ಲಿ ನಾಲ್ಕರ ಮೇಲಿನ ಇಯತ್ತೆಗಳು ಕಾಗದದ ಮೇಲೆ ಮಾತ್ರ ಇದ್ದವು. ಹುಡುಗಿಯರು ದೊಡ್ಡವರಾಗುತ್ತಲೇ ಗಂಡು ಮಾಸ್ತರರ ಕೈಕೆಳಗೆ ಕೂಡಿಸಲು ಓಣಿಯವರು ಒಪ್ಪುತ್ತಿರಲಿಲ್ಲ. ಅಕ್ಕೋರು ಬಂದರೆ ಅವರಿಗೆ ಮನೆ ಕೊಡಲೂ ಒಪ್ಪುತ್ತಿರಲಿಲ್ಲ, ಒಂಟಿ ಹೆಣ್ಣಲ್ಲವೇ? ಹಿಂದೆ ಇಬ್ಬರು ಬಂದು, ಓಣಿ ಸುತ್ತಿ, ಬಂದ ಬಸ್ಸಿಗೇ ತಿರುಗಿ ಹೋಗಿದ್ದರು.

ಇವಳನ್ನು ಕರೆತಂದವನು ಅಣ್ಣ ಕಲ್ಲಪ್ಪ. ಮನೆಯಲ್ಲಿ ಬಿತ್ತನೆ ಕಾದಿತ್ತು. ತಾಯಿ ಹೇಳಿ ಕಳಿಸಿದ್ದು ಇಷ್ಟೆ: ಒಳ್ಳೆಯವರ ಮನೆಯಲ್ಲಿ ಜಾಗ ಸಿಕ್ಕರೆ ಬಿಟ್ಟು ಬಾ. ಸಿಗದಿದ್ದರೆ ಸಂಜೆ ಐದರ ಬಸ್ಸಿಗೆ ವಾಪಸ್ ಕರಕೊಂಡು ಬಾ, ನೌಕರಿಯ ಮಾತು ಅಲ್ಲಿಗೆ ಮುಗಿಯಿತು, ಲಗ್ನ ನೋಡೋಣ.

ಹತ್ತು ಗಂಟೆಗೆ ಅಣ್ಣತಂಗಿ ನೀಲವ್ವನ ಕಟ್ಟೆಯ ಮುಂದೆ ನಿಂತಿದ್ದನ್ನು ಇಮಾಮಸಾಬ ಕಣ್ಣಾರೆ ನೋಡಿದ್ದ. ಕಟ್ಟೆಯ ಮೇಲೆ ವಿರುಪಾಕ್ಷಪ್ಪ, ಜೊತೆಗೆ ಓಣಿಯ ಇಬ್ಬರು ಹಿರಿಯರು.

"ಯಜಮಾನ್ರು ಯಾವಾಗ್ಲೂ ಹೇಳೂದ ಹೇಳಿದ್ರು. 'ಕೋಲಿ ಖಾಲಿ ಇಲ್ಲ ತಮ್ಮಾ' ಅಂತ. ಪಾಪ, ಆ ಹುಡುಗಿ ಮಾರಿ ಸಣ್ಣದಾತು. ಅಣ್ಣ ಟ್ರಂಕ ಎತ್ತಿದ. ಎತ್ತಿದಾವ ಹಂಗ ನಿಂತ. 'ಯಜಮಾನ್ರ, ಅಲ್ಲಿ ತಂಬಿಗಿ ಡಬ್ಬ ಐತಲ್ರೀ?' ಅಂದ."

ಕಟ್ಟೆಯ ಮೇಲಿನ ಮೂವರೂ ತಂಬಿಗೆಯ ಕಡೆ ತಿರುಗಿದರು. ಆ ಮನೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ವಿರುಪಾಕ್ಷಪ್ಪನ ತಂದೆ ಮಾಡಿ ಹೋದದ್ದು: ಖಾಲಿ ಕೋಣೆ ಇಟ್ಟುಕೊಂಡು ಬಾಗಿಲಿಗೆ ಬಂದವರನ್ನು ತಿರುಗಿ ಕಳಿಸಬಾರದು. ಒಂಟಿ ಹೆಣ್ಣುಮಕ್ಕಳಿಗೆ "ಖಾಲಿ ಇಲ್ಲ" ಎಂಬ ಸುಳ್ಳು ಹೇಳುತ್ತಿದ್ದದ್ದು ಈ ಕಟ್ಟಳೆ ಮುರಿಯಬಾರದೆಂದೇ. ಈಗ ಸುಳ್ಳಿಗೆ ಜಾಗವಿಲ್ಲದಂತೆ ತಂಬಿಗೆ ಎಲ್ಲರ ಕಣ್ಣ ಮುಂದೆ ತಲೆಕೆಳಗಾಗಿ ಕುಳಿತಿತ್ತು.

ಅಷ್ಟರಲ್ಲಿ ನೀಲವ್ವ ಹೊರಗೆ ಬಂದರು. ತಂಬಿಗೆ ನೋಡಿದರು. ಮೈದುನನನ್ನು ನೋಡಿದರು. "ಬಾ ತಂಗೀ, ಒಳಗ ಬಾ" ಎಂದು ಟ್ರಂಕಿನ ಇನ್ನೊಂದು ಹಿಡಿಕೆಗೆ ಕೈ ಹಾಕಿದರು.

ಕೇಳುತ್ತ ಕುಳಿತ ನನಗೆ ಒಂದು ಸಂಗತಿ ಥಟ್ಟನೆ ಹೊಳೆಯಿತು. ನನಗೆ ಊಟಕ್ಕೆ ಬಡಿಸಿದ್ದರು. ನನ್ನ ಲೆಕ್ಕದ ರೊಟ್ಟಿ ತಟ್ಟಿಟ್ಟಿದ್ದರು. ಊರು ಬಿಟ್ಟು ಹೋದವನಿಗೆ ಯಾರಾದರೂ ರೊಟ್ಟಿ ತಟ್ಟುತ್ತಾರೆಯೇ?

ನಾನು ಹೋಗಿಲ್ಲವೆಂದು ನೀಲವ್ವನಿಗೆ ಗೊತ್ತಿತ್ತು. ಗೂಟದಲ್ಲಿ ಅಂಗಿ ಇಟ್ಟು, ಮೇಜಿನ ಮೇಲೆ ಬರಹ ಬಿಟ್ಟು ಯಾರು ಹೋಗುತ್ತಾರೆ? ಗೊತ್ತಿದ್ದೂ ಅವರು ನನ್ನ ಸಾಮಾನನ್ನು ನಂಬದೆ ತಂಬಿಗೆಯನ್ನು ನಂಬಿದ್ದರು.

ನಾಲ್ಕು ಗಂಟೆಗೆ ನನಗೆ ಕರೆ ಬಂತು.

ಕಟ್ಟೆಯ ಮೇಲೆ ಅದೇ ಮೂವರು. ಹಿರಿಯರಿಗೆ ಮಧ್ಯಾಹ್ನದ ನಿದ್ದೆಯಲ್ಲಿ ಸಂಶಯ ಹುಟ್ಟಿತ್ತು: ಪೇಪರಿನವರು ಓಣಿಯಲ್ಲೇ ಓಡಾಡುತ್ತಿದ್ದಾರೆ, ಹಾಗಾದರೆ ಕೋಣೆ ಖಾಲಿ ಹೇಗಾಯಿತು? ಟ್ರಂಕು ಮತ್ತೆ ಹೊರಗೆ ಬಂದಿತ್ತು. ಕಲ್ಲಪ್ಪ ಅದರ ಹಿಡಿಕೆ ಹಿಡಿದೇ ನಿಂತಿದ್ದ. ಬಾಗಿಲ ಮರೆಯಲ್ಲಿ ನೀಲವ್ವ. ಅವರ ಹಿಂದೆ ಸುಶೀಲಾ, ಎರಡೂ ಕೈಯಲ್ಲಿ ನಕಾಶೆಯನ್ನು ಎದೆಗೆ ಒತ್ತಿಕೊಂಡು. ಐದರ ಬಸ್ಸಿಗೆ ಇನ್ನು ಒಂದೇ ತಾಸು.

"ನೀವು ಪೇಪರಿನವ್ರು" ಎಂದು ವಿರುಪಾಕ್ಷಪ್ಪ ಕನ್ನಡಕ ಸರಿ ಮಾಡಿಕೊಂಡರು. "ಸುಳ್ಳ ಹೇಳಂಗಿಲ್ಲಂತ ನನ್ನ ನಂಬಿಕಿ. ನಾಕು ಮಾತು ಕೇಳ್ತೇನಿ."

ನಾನು ನಿಂತೆ. ನಿಜ ಹೇಳಿದರೆ ನನ್ನ ಕೋಣೆ ನನಗೆ ಬರುತ್ತದೆ, ಆ ಹುಡುಗಿ ಬಸ್ಸು ಹತ್ತುತ್ತಾಳೆ. ಸುಳ್ಳು ಹೇಳುವುದೋ, ನನ್ನ ಹದಿನೆಂಟು ವರ್ಷದ ಕಸುಬಿಗೆ ಆಗದ ಮಾತು. ನಮ್ಮ ಕಚೇರಿಯಲ್ಲಿ ಹೊಸ ವರದಿಗಾರರಿಗೆ ನಾನು ಕಲಿಸುವುದು ಐದು ಪ್ರಶ್ನೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ. ಐದಕ್ಕೂ ಉತ್ತರ ಇಲ್ಲದೆ ಕಚೇರಿಗೆ ಬರಬೇಡಿ ಎನ್ನುತ್ತೇನೆ.

"ತಂಬಿಗಿ ಡಬ್ಬ ಹಾಕಿದಾವ್ರು ಯಾರ್ರೀ?"

"ನಾನೇ."

"ಯಾವಾಗ?"

"ಬೆಳಿಗ್ಗೆ ಎಂಟಕ್ಕೆ."

"ಎಲ್ಲಿ ಹಾಕಿದ್ರಿ?"

"ಹೊಸ್ತಿಲ ಪಕ್ಕದಲ್ಲಿ."

"ಒಳಗ ಏನರೆ ನೀರು ಇತ್ತೇನು?"

"ಇಲ್ಲ. ಖಾಲಿ."

ಐದನೆಯ ಪ್ರಶ್ನೆಗೆ ಕಾದೆ. ವಿರುಪಾಕ್ಷಪ್ಪ ನನ್ನನ್ನು ನೋಡಿದರು. ಒಳಗೆ ಪಡಸಾಲೆಯಲ್ಲಿ ಗೌರಿಯ ಮೊರದ ಸದ್ದು ನಿಂತಿತ್ತು.

"ಮುಗೀತಲ್ಲ" ಎಂದರು ಅವರು. "ತಮ್ಮಾ, ಟ್ರಂಕ ಒಳಗ ಇಡು."

"ಅಲ್ಲೋ ವಿರುಪಾಕ್ಷಪ್ಪ" ಎಂದರು ಹಿರಿಯರಲ್ಲಿ ಒಬ್ಬರು, "ಒಬ್ಬಾಕಿ ಹೆಣ್ಮಗಳು…"

"ಕೋಲಿ ಖಾಲಿ ಇತ್ತು ಕಾಕಾ. ಅಪ್ಪನ ಮಾತು ನಾ ಮುರೀಲೇನು? ನೀವ ಹೇಳ್ರಿ."

ಕಾಕಾ ಕೋಲು ಹುಡುಕಿಕೊಂಡು ಎದ್ದರು. ಕಲ್ಲಪ್ಪ ಟ್ರಂಕನ್ನು ಒಳಗಿಟ್ಟು ಬಂದವನೇ ತಂಗಿಗೆ, "ಅತ್ತಗಿತ್ತೀಯ ಮತ್ತ, ಬಸ್ ಹತ್ತಿಸಿ ಕರಕೊಂಡು ಹೋಗ್ತೇನಿ ನೋಡು" ಎಂದು ಗದರಿದ. ಅಳುತ್ತಿದ್ದವನು ಅವನೇ.

ಎಲ್ಲ ಸರಿಯಾಯಿತು. ಆದರೆ ನಾನು? ಓಣಿಯ ದಾಖಲೆಯ ಪ್ರಕಾರ ನಾನು ಬೆಳಿಗ್ಗೆ ಎಂಟಕ್ಕೇ ಹೊರಟು ಹೋಗಿದ್ದೇನೆ. ಪಡಸಾಲೆಯ ಬೆಂಚಿನ ಮೇಲೆ ಮಲಗಿದರೆ ಆ ನಾಲ್ಕೂ ಉತ್ತರ ನೀರುಪಾಲು. ಮೂರು ದಿನ ಇಮಾಮಸಾಬನ ಅಟ್ಟದ ಮೇಲೆ, ಹಳೆಯ ಟೈರು ಟ್ಯೂಬುಗಳ ನಡುವೆ ಮಲಗಿದೆ. (ರಬ್ಬರಿನ ವಾಸನೆ ಅಂಗಿಯಿಂದ ಹೋಗಲು ಒಂದು ತಿಂಗಳು ಹಿಡಿಯಿತು.) ಊಟದ ಹೊತ್ತಿಗೆ ನೀಲವ್ವ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಝುಣಕ ತಂದು ಅಂಗಡಿಯ ಮುಂದೆ ಇಟ್ಟು, "ಇಮಾಮಸಾಬ, ನಿನ್ನ ಅಟ್ಟದಾಗ ಯಾರೂ ಇಲ್ಲಲ್ಲ?" ಎನ್ನುತ್ತಿದ್ದರು. "ಯಾರೂ ಇಲ್ಲ ನೀಲವ್ವಕ್ಕಾ, ಹೆಗ್ಗಣ ಒಂದೈತಿ, ಭಾಳ ತಿಂತೈತಿ" ಎನ್ನುತ್ತಿದ್ದ ಅವನು, ನನಗೆ ಕೇಳುವಂತೆ.

ಎರಡನೆಯ ದಿನ ಬೆಳಿಗ್ಗೆ ಅಂಗಡಿಗೆ ಹೊರಟ ವಿರುಪಾಕ್ಷಪ್ಪ ಸೈಕಲ್ ಅಂಗಡಿಯ ಮುಂದೆ ನಿಂತರು. ನಾನು ಅಟ್ಟದ ಏಣಿ ಇಳಿಯುತ್ತಿದ್ದೆ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅವರು ಮಡಚಿದ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು.

"ಓದಿ ಆತು. ಊರಾಗ ಇಲ್ಲದವ್ರಿಗೆ ಹೊತ್ತು ಹೋಗಬೇಕಲ್ಲ" ಎಂದು ನಡೆದರು.

ಚುಚ್ಚುಮಾತು ಎಂದುಕೊಂಡು ನುಂಗಿದೆ. ಮಾಡಿದ ಕೆಲಸಕ್ಕೆ ಅಷ್ಟು ಸಲ್ಲಬೇಕಾದದ್ದೇ.

ಹೋದ ವಾರ ಮತ್ತೆ ಹಳಿಯಾಳಕ್ಕೆ ಹೋಗಿದ್ದೆ. ಎಂಟು ತಿಂಗಳಾದ ಮೇಲೆ.

ಇಳಿದವನೇ ಶಾಲೆಯ ಕಡೆ ಹೋದೆ. ಐದನೆಯ ಇಯತ್ತೆಯಲ್ಲಿ ಹದಿಮೂರು ಹುಡುಗಿಯರು. ಗೋಡೆಯ ಮೇಲೆ ಅದೇ ನಕಾಶೆ. ಸುಶೀಲಾ ಅಕ್ಕೋರ ದನಿ ಈಗ ಹಿಂದಿನ ಸಾಲಿಗೂ ಮುಟ್ಟುತ್ತದೆ, ಒಂದಿಷ್ಟು ಗದರಿಕೆಯೂ ಸೇರಿದೆ. ಮುಂದಿನ ಸಾಲಿನಲ್ಲಿ ಗೌರಿ. ನಕಾಶೆಯಲ್ಲಿ ಹಳಿಯಾಳ ತೋರಿಸು ಎಂದರು ಅಕ್ಕೋರು. ಆ ನಕಾಶೆಯಲ್ಲಿ ಹಳಿಯಾಳ ಅಚ್ಚಾಗಿಲ್ಲ, ನಾನು ಹತ್ತಿರ ಹೋಗಿ ನೋಡಿದೆ. ಆದರೆ ಹದಿಮೂರು ಬೆರಳು ಎಂಟು ತಿಂಗಳು ಒತ್ತಿ ಒತ್ತಿ ಅಲ್ಲೊಂದು ಕಪ್ಪು ಕಲೆಯಾಗಿದೆ. ಗೌರಿ ಎದ್ದು ಬಂದು ಕಣ್ಣು ಮುಚ್ಚಿ ಅದರ ಮೇಲೆ ಬೆರಳಿಟ್ಟಳು.

"ಕಣ್ಣ ತಗದ ತೋರಸು, ಶ್ಯಾಣ್ಯಾಕಿ" ಎಂದರು ಅಕ್ಕೋರು.

ಅಲ್ಲಿಂದ ನೀಲವ್ವನ ಮನೆಗೆ ಬಂದೆ. ಅಕ್ಕೋರ ಕೋಣೆಯ ಬಾಗಿಲಿಗೆ ತಂಬಿಗೆ ನೆಟ್ಟಗೆ ನಿಂತಿತ್ತು, ತುಂಬಾ ನೀರು. ನನಗೆ ಇನ್ನೊಂದು ಕೋಣೆ ಸಿಕ್ಕಿತು. ನೀಲವ್ವ ತಂಬಿಗೆ ಇಡುವಾಗ, "ಇದನ್ನ ತೊಳಿಯಾಕ ಹೋಗಬ್ಯಾಡ್ರಿ. ನಾ ತೊಳೀತೇನಿ" ಎಂದರು. ಮುಖದಲ್ಲಿ ನಗುವಿಲ್ಲ. ಆ ಹೆಂಗಸು ನಗುವುದು ಬಹುಶಃ ಒಲೆಯ ಮುಂದೆ, ಯಾರೂ ಇಲ್ಲದಾಗ.

ಸಂಜೆ ವಿರುಪಾಕ್ಷಪ್ಪ ಅಂಗಡಿಯಿಂದ ಬೇಗ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತರು. ಬಹಳ ಹೊತ್ತು ಮಳೆ ಬೆಳೆಯ ಮಾತಾಡಿದರು. ಆಮೇಲೆ, ಏನೋ ಮರೆತದ್ದು ನೆನಪಾದವರಂತೆ:

"ಆವತ್ತ ಒಂದು ಮಾತ ಕೇಳೂದ ಉಳೀತು ನೋಡ್ರಿ. ತಂಬಿಗಿ ಯಾಕ ಡಬ್ಬ ಹಾಕಿದ್ರಿ?"

ಎಂಟು ತಿಂಗಳು ತಡವಾಗಿ ಬಂದ ಐದನೆಯ ಪ್ರಶ್ನೆ. ಈಗ ಮುಚ್ಚಿಟ್ಟು ಏನು ಮಾಡಲಿ?

"ನೀರು ಸೋರಲಿ ಅಂತ" ಎಂದೆ.

"ಹಂಗ ಇರಬೇಕಂತ ನಾನೂ ತಿಳಕೊಂಡಿದ್ದೆ."

"ತಿಳಕೊಂಡಿದ್ರಾ? ಹಾಗಾದರೆ ಆವತ್ತೇ ಯಾಕೆ ಕೇಳಲಿಲ್ಲ?"

ಅವರು ನನ್ನನ್ನು ಮರುಕದಿಂದ ನೋಡಿದರು, ದಡ್ಡ ಗಿರಾಕಿಯನ್ನು ನೋಡುವ ಹಾಗೆ.

"ಕೇಳಿದ್ರ ನೀವು ಖರೇ ಹೇಳ್ತಿದ್ರಿ."

ಒಳಗಿನಿಂದ ಗೌರಿ ಪಾಠ ಗಟ್ಟಿಯಾಗಿ ಓದುತ್ತಿದ್ದದ್ದು ಕೇಳುತ್ತಿತ್ತು. ಆ ಜೂನ್‌ನಲ್ಲಿ ಮೊರ ಹಿಡಿದು ಕೂತ ಮಗಳನ್ನು ದಿನವೂ ನೋಡುತ್ತಿದ್ದ ತಂದೆಗೆ, ಓಣಿಯ ಮುಂದೆ ತಾನಾಗಿ ಮಣಿಯಲು ಆಗದ ಯಜಮಾನನಿಗೆ, ಒಂದು ನೆಪ ಬೇಕಾಗಿತ್ತು. ಸಿಕ್ಕ ನೆಪವನ್ನು ಕೊನೆಯ ಪ್ರಶ್ನೆ ಕೇಳಿ ಅವರು ಹಾಳು ಮಾಡಿಕೊಳ್ಳಲಿಲ್ಲ, ಅಷ್ಟೆ.

ಇದನ್ನು ಬರೆಯಲೇ ಎಂದು ಅವರನ್ನೇ ಕೇಳಿದೆ. ಹಿರಿಯರು ಓದಿದರೆ?

"ಬರೀರಿ, ಬರೀರಿ. ಈಗ ಕಾಕಾನ ಮೊಮ್ಮಗಳೂ ಐದನೇ ಇಯತ್ತೇದಾಗ ಅದಾಳ. ಓದಿ ಹೇಳೂದೂ ಆಕೀನ" ಎಂದರು.

ಹೀಗಾಗಿ ಬರೆದಿದ್ದೇನೆ. ಒಂದೇ ಚಿಂತೆ ಉಳಿದಿದೆ. ನಾಳೆ ಕಚೇರಿಯಲ್ಲಿ ಯಾರಾದರೂ ಹೊಸ ವರದಿಗಾರ "ಯಾಕೆ" ಎಂದು ಕೇಳದೆ ಬಂದರೆ, ನಾನು ಯಾವ ಬಾಯಿಂದ ಬೈಯಲಿ?